ಇಪ್ಪತ್ತು ಕಲ್ಲಿನ ಪೆಟ್ಟಿಗೆ, ಅದರಲ್ಲಿ ಮುರಕಲ್ಲೇ ಇಲ್ಲ

ಲ್ಯಾಬ್ ಸಾಮಾನಿನ ಅಂಗಡಿಗಳು ಹೈಸ್ಕೂಲುಗಳಿಗೆ ತರಿಸಿಕೊಡುವ 20 ಕಲ್ಲಿನ ಪೆಟ್ಟಿಗೆ ಮಂಗಳೂರು, ಉಡುಪಿ ಕಡೆಯ ಶಾಲೆಗಳ ಕಪಾಟಿನಲ್ಲಿ ಕಾಣಸಿಗುತ್ತದೆ. ಒಳಗೆ ಥರ್ಮೋಕೋಲಿನ ಗುಳಿಗಳು, ಗುಳಿಗೊಂದು ನೆಲ್ಲಿಕಾಯಿ ಗಾತ್ರದ ಕಲ್ಲು, ಮುಚ್ಚಳದ ಒಳಬದಿಗೆ ಹೆಸರಿನ ಪಟ್ಟಿ. ಕಲ್ಲಿನ ಜಾತಿ ಗುರುತಿಸಲು ಇದು ಧಾರಾಳ ಸಾಕು. ಹಳೆಯ ಕಾಲದ ಹವಾಮಾನ ಕಲಿಸಬೇಕೆಂದಾದರೆ ಮಾತ್ರ ಅರ್ಧಕ್ಕಿಂತ ಹೆಚ್ಚು ಕಲ್ಲುಗಳನ್ನು ಬದಿಗಿಡಬೇಕು, ಬಹುಮುಖ್ಯವಾದ ಒಂದನ್ನು, ಅಂದರೆ ಮನೆ ಕಟ್ಟುವ ಕೆಂಪು ಮುರಕಲ್ಲನ್ನು, ಹೊರಗಿನಿಂದ ಸೇರಿಸಬೇಕು.

ಗ್ರಾನೈಟ್, ಬೆಸಾಲ್ಟ್, ಗ್ಯಾಬ್ರೋ ಭೂಮಿಯ ಬೆಂಕಿಯಿಂದ ಬಂದವು. ಅವುಗಳಲ್ಲಿ ಮಳೆ ಬಿಸಿಲಿನ ಲೆಕ್ಕ ಸಿಗದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯುವವರೂ ಇದನ್ನು ನೆನಪಿಡಬೇಕು. ಅಲ್ಲಿನ ಕಂಬಗಲ್ಲುಗಳು ಹೇಳುವುದು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಕಥೆ, ಹವಾಮಾನದ್ದಲ್ಲ. ಅಮೃತಶಿಲೆಯೂ ಬೇಡ. ಅದು ಮೊದಲು ಸುಣ್ಣದ ಕಲ್ಲೇ ಆಗಿದ್ದರೂ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಒಳಗಿನ ಚಿಪ್ಪಿನ ಗುರುತೆಲ್ಲ ಅಳಿಸಿಹೋಗಿದೆ. ಕೊನೆಗೆ ಈ ಪಾಠಕ್ಕೆ ಉಳಿಯುವುದು ಆರು: ಮರಳುಗಲ್ಲು, ಜೇಡಿಗಲ್ಲು, ಉಂಡೆಗಲ್ಲು (ಉರುಟು ಕಲ್ಲುಗಳು ಅಂಟಿಕೊಂಡು ಆದದ್ದು), ಸುಣ್ಣದ ಕಲ್ಲು, ಜಿಪ್ಸಮ್, ಕಲ್ಲಿದ್ದಲು.

ಹೆಚ್ಚು ಎಡವಟ್ಟಾಗುವುದು ಕಲ್ಲಿದ್ದಲಿನಲ್ಲಿ. ‘ಕಲ್ಲಿದ್ದಲು ಇದ್ದಲ್ಲಿ ದಟ್ಟ ಕಾಡು, ಕಾಡಿದ್ದಲ್ಲಿ ಸೆಕೆ’ ಎಂದು ಮಕ್ಕಳು ತಟ್ಟನೆ ಹೇಳಿಬಿಡುತ್ತಾರೆ, ಪೆಟ್ಟಿಗೆಯ ಜೊತೆಗಿನ ಕೈಪಿಡಿಯೂ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ನಮ್ಮ ದೇಶದ ಗೊಂಡ್ವಾನಾ ಕಲ್ಲಿದ್ದಲು (ಭಾರತ ಸೇರಿದ್ದ ಹಳೆಯ ದಕ್ಷಿಣ ಮಹಾಖಂಡದ ಕಾಲದ್ದು) ತಂಪು ಹವೆಯ ಜೌಗಿನಲ್ಲಿ ಆದದ್ದು. ಅದರ ಕೆಳಗೇ ಹಿಮನದಿಗಳು ಬಿಟ್ಟುಹೋದ ತಾಲ್ಚೇರ್ ಬಂಡೆಗಳ ಪದರವಿದೆ. ಒಡಿಶಾದ ಆ ಬಂಡೆಗಳನ್ನು ಮಂಜುಗಡ್ಡೆಯೇ ಹೊತ್ತು ತಂದದ್ದು ಎಂದು ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರು 1856ರಲ್ಲೇ ಗುರುತಿಸಿದ್ದರು. ಒಂದು ಕಲ್ಲಿನ ಅರ್ಥ ಅದರ ಕೆಳಗೆ, ಮೇಲೆ ಏನಿದೆ ಎಂಬುದರಿಂದ ಬದಲಾಗುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಸುಣ್ಣದ ಕಲ್ಲಿಗೆ ಆಸಿಡ್ ಹುಡುಕಿಕೊಂಡು ಹೋಗಬೇಡಿ. ಅಂಗಡಿಯ ವಿನೆಗರ್ ಸಾಕು, ಆದರೆ ಗುಳ್ಳೆ ನಿಧಾನ. ಕಲ್ಲನ್ನು ಮೊಳೆಯಿಂದ ಕೆರೆದು ಪುಡಿ ಮಾಡಿ, ನಾಲ್ಕು ಹನಿ ಬಿಟ್ಟು, 10 ಪಟ್ಟು ದೊಡ್ಡದಾಗಿ ಕಾಣಿಸುವ ಲೆನ್ಸಿನಲ್ಲಿ ನೋಡಿ. ಪಕ್ಕದಲ್ಲೇ ಅಡುಗೆಮನೆಯಿಂದ ತಂದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ಪುಡಿಗೂ ಹನಿ ಬಿಡಿ. ಎರಡರಲ್ಲೂ ಒಂದೇ ಬಗೆಯ ಗುಳ್ಳೆ ಎದ್ದಾಗ ಕಲ್ಲು ಒಂದು ಕಾಲದ ಚಿಪ್ಪು ಎಂಬುದು ಬಾಯಿಪಾಠ ಬೇಡದೆಯೇ ತಲೆಗೆ ಹೋಗುತ್ತದೆ. ಅಲ್ಲಿಂದ ಮುಂದೆ, ಚಿಪ್ಪು ಬೆಳೆದ ನೀರು ಎಷ್ಟು ಬೆಚ್ಚಗಿತ್ತೆಂದು ತಿಳಿಯಲು, ಆಮ್ಲಜನಕದ ಲೆಕ್ಕ. ಸುಮಾರು 500 ಆಮ್ಲಜನಕ ಪರಮಾಣುಗಳಲ್ಲಿ ಒಂದು ಉಳಿದವಕ್ಕಿಂತ ಹೆಚ್ಚು ತೂಕದ್ದು. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿನೊಳಗೆ ಆ ತೂಕದ್ದರ ಪಾಲು ಕಡಿಮೆ. ಆ ಪಾಲಿನಲ್ಲೇ ಸಾವಿರದ ಒಂದಂಶದಷ್ಟು ವ್ಯತ್ಯಾಸ ಎಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ಧ್ರುವಗಳ ಮಂಜು ಹೆಚ್ಚು ಕಡಿಮೆಯಾದರೂ ಇದೇ ಲೆಕ್ಕ ಏರುಪೇರಾಗುತ್ತದೆ, ಅದನ್ನೂ ಹೇಳಿಬಿಡಿ. 499 ಬಿಳಿ ಮಣಿಗೆ ಒಂದು ಕೆಂಪು ಮಣಿ ಬೆರೆಸಿ ತೋರಿಸಿದರೆ ಇದನ್ನು ಅಳೆಯಲು ಎಷ್ಟು ಸೂಕ್ಷ್ಮ ಯಂತ್ರ ಬೇಕೆಂದು ತಿಳಿಯುತ್ತದೆ.

ಇನ್ನು ಪೆಟ್ಟಿಗೆಯಲ್ಲಿ ಇಲ್ಲದ ಕಲ್ಲು. ಕರಾವಳಿಯ ಶಾಲೆಗೆ ಮಾರುವ ಪೆಟ್ಟಿಗೆಯಲ್ಲಿ ಮುರಕಲ್ಲು ಇಲ್ಲವೆಂದರೆ ಬೇಸರವಾಗುತ್ತದೆ. ಮಳೆ ಮತ್ತು ಸೆಕೆ ಸೇರಿಯೇ ಮಾಡಿದ ಕಲ್ಲು ಅದು. ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಕೇರಳದ ಅಂಗಡಿಪುರಂ ಕಲ್ಲು ನೋಡಿ. ಮನೆ ಕಟ್ಟುವಲ್ಲಿ ಒಡೆದು ಬಿದ್ದ ಚೂರು ಕೇಳಿ ತನ್ನಿ. ಅಂಗೈ ಮೇಲಿಟ್ಟು ನೋಡಿದರೆ ಕಂದುಗೆಂಪು ಗೋಡೆಗಳು, ನಡುವೆ ಕಡ್ಡಿ ತೂರುವಷ್ಟು ಬಿಲಗಳು, ಬಿಲದೊಳಗೆ ಹಳದಿ, ಬಿಳಿ ಜೇಡಿ. ಬಾತ್‌ರೂಮ್ ಟೈಲ್ಸಿನ ನುಣುಪಿಲ್ಲದ ಹಿಂಬದಿಗೆ ಉಜ್ಜಿ. ಕೆಂಪು ಗೀರು ಹೆಮಟೈಟಿನದು, ಹಳದಿಗಂದು ಗೀರು ಗೋಥೈಟಿನದು; ಎರಡೂ ಕಬ್ಬಿಣದ ಖನಿಜಗಳು. ಮಂಗಳೂರು ಹೆಂಚಿಗೆ ಉಜ್ಜಬೇಡಿ, ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ. ಕೆಳಗಿನ ಬಂಡೆಯಿಂದ ಮಳೆನೀರು ಮೊದಲು ಸೋಡಿಯಂ, ಕ್ಯಾಲ್ಸಿಯಂ ತೊಳೆದೊಯ್ಯುತ್ತದೆ, ನಿಧಾನವಾಗಿ ಸಿಲಿಕಾವನ್ನೂ. ಕರಗದೆ ಉಳಿದ ಕಬ್ಬಿಣ, ಅಲ್ಯುಮಿನಿಯಂಗಳೇ ಈ ಕಲ್ಲು. ಗುಡ್ಡ ಕಡಿದಲ್ಲಿ ಮೇಲೆ ಗಟ್ಟಿ ಮುರ, ಕೆಳಗೆ ಶೇಡಿ ಮಣ್ಣು (ಮೆತ್ತನೆಯ ಜೇಡಿ), ಅದರಡಿ ಶಿಲೆಗಲ್ಲು ಸಾಲಾಗಿ ಕಾಣುತ್ತವೆ. ಮೂರರಿಂದಲೂ ಒಂದೊಂದು ಮುಷ್ಟಿ ತಂದಿಟ್ಟರೆ ಪಾಠ ಪೂರ್ತಿ. ಹೋಗುವುದಾದರೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಮಳೆಗಾಲದಲ್ಲಿ ಶೇಡಿ ಜಾರಿ ಮೇಲಿನದೆಲ್ಲ ಕುಸಿಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಸಹಜವಾಗಿ ಬರುತ್ತದೆ: ಇಂದಿನ ಮಳೆಯೇ ಪದವಿನ (ಗುಡ್ಡದ ಮೇಲಿನ ಬಯಲಿನ) ಈ ಕಲ್ಲನ್ನು ಮಾಡಿತು ಎಂಬುದು. ಪಶ್ಚಿಮ ಘಟ್ಟದ ಮುರಕಲ್ಲಿನೊಳಗಿನ ಮ್ಯಾಂಗನೀಸ್ ಖನಿಜದ ವಯಸ್ಸು ಅಳೆದಾಗ ಸುಮಾರು 5 ಕೋಟಿ ವರ್ಷದವರೆಗೂ ಹೋಗಿದೆ. ಆಗ ಭಾರತ ಸಮಭಾಜಕ ವೃತ್ತಕ್ಕೆ ಈಗಿಗಿಂತ ಹತ್ತಿರವಿತ್ತು, ಭೂಮಿ ಇಂದಿಗಿಂತ ಬಹಳ ಬೆಚ್ಚಗಿತ್ತು.

ಪೆಟ್ಟಿಗೆಯ ಗುಣಮಟ್ಟದ ಬಗ್ಗೆ: ಅಂಟಿಸಿದ ನಂಬರ್ ಚೀಟಿ ಜೂನ್ ಜುಲೈ ದಾಟುವುದಿಲ್ಲ. ಚೀಟಿ ಉದುರಿದ ಮೇಲೆ ಮರಳುಗಲ್ಲನ್ನೂ ಕ್ವಾರ್ಟ್ಜೈಟನ್ನೂ ಬೇರೆ ಮಾಡುವುದು ಮಕ್ಕಳಿಗೆ ಕಷ್ಟ. ತಂದ ದಿನವೇ ಪ್ರತಿ ಕಲ್ಲಿನ ಮೂಲೆಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟು, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ನಂಬರ್ ಬರೆದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಕಲ್ಲುಪ್ಪು ಇರುವ ಪೆಟ್ಟಿಗೆಯಾದರೆ ಅದನ್ನು ಮುಚ್ಚಳದ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ನೀರೊಡೆದು ಪಕ್ಕದ ಗುಳಿಯ ಕಲ್ಲುಗಳಿಗೆಲ್ಲ ಉಪ್ಪು ಹತ್ತುತ್ತದೆ, ಲೆನ್ಸಿನ ಕಬ್ಬಿಣದ ಚೌಕಟ್ಟಿಗೆ ತುಕ್ಕು.

ತರಗತಿಗೊಂದು ಬೇಡ, ಶಾಲೆಗೊಂದು ಪೆಟ್ಟಿಗೆ ಸಾಕು. ಹಣ ಕೊಡುವ ಮುಂಚೆ ಪ್ರತಿ ಕಲ್ಲು ಯಾವ ಊರಿನದು, ಯಾವ ಕಾಲದ್ದು ಎಂಬ ಪಟ್ಟಿ ಬರೆದು ಕೊಡಲು ಹೇಳಿ. ಬರೀ ‘ಸುಣ್ಣದ ಕಲ್ಲು’, ‘ಮರಳುಗಲ್ಲು’ ಎಂದು ಹೆಸರಷ್ಟೇ ಬರೆದಿದ್ದರೆ ಆ ಆರು ಕಲ್ಲುಗಳೂ ಹವಾಮಾನದ ಪಾಠಕ್ಕೆ ಬರುವುದಿಲ್ಲ.