ಆ್ಯವರೇಜ್ ನೋಡಿ ತಂದ ವ್ಯಾಗನ್ ಆರ್ ಅವ್ವನ ಮೊಣಕಾಲಿಗೆ ಒದಗಿತು

ಮೊದಲು ಅವ್ವ ಗಾಡಿ ಹತ್ತುವ ಬಗೆಯನ್ನು ಹೇಳಿಬಿಡುತ್ತೇನೆ. ಮುಂದಿನ ಎಡಬಾಗಿಲನ್ನು ಪೂರ್ತಿ ತೆರೆಯುತ್ತೇನೆ. ಅವ್ವ ಗಾಡಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಹಾಗೆಯೇ ಹಿಂದಕ್ಕೆ ಸರಿದು, ಮನೆಯ ಮಂಚದ ಮೇಲೆ ಕುಳಿತಂತೆ ಸೀಟಿನ ಮೇಲೆ ಕುಳಿತುಬಿಡುತ್ತಾಳೆ. ಆಮೇಲೆ ಒಂದೊಂದಾಗಿ ಕಾಲು ಒಳಗೆ. ಮೇಲಕ್ಕೆ ಹತ್ತಬೇಕಾಗಿಲ್ಲ, ಕೆಳಕ್ಕೆ ಕುಸಿಯಬೇಕಾಗಿಲ್ಲ. ಎಪ್ಪತ್ತನಾಲ್ಕು ವರ್ಷದ, ಎರಡೂ ಮೊಣಕಾಲು ಸವೆದ ಹೆಂಗಸಿಗೆ ಇದು ಎಷ್ಟು ದೊಡ್ಡ ಮಾತು ಎಂಬುದು, ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೇ ಗೊತ್ತು.

ಗಾಡಿ ಕೊಳ್ಳುವಾಗ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನಾನು ವಿಜಯಪುರದಿಂದ ಟಿಕೋಟಾ ಕಡೆಯ ಒಂದು ಪ್ರೌಢಶಾಲೆಗೆ ಹೋಗಿಬರುವ ಗಣಿತ ಶಿಕ್ಷಕಿ. ದಿನಕ್ಕೆ ಎರಡೂ ಕಡೆ ಸೇರಿ ನಲವತ್ತು ಕಿಲೋಮೀಟರ್. 2019ರ ಜನವರಿಯಲ್ಲಿ ವ್ಯಾಗನ್ ಆರ್‌ನ ಹೊಸ ಮಾದರಿ ಬಂತು. ಜೂನ್‌ನಲ್ಲಿ ಪತ್ತಿನ ಸಂಘದ ಸಾಲ ಮಂಜೂರಾಯಿತು. ಒಟ್ಟು ಖರ್ಚು ಆರು ಲಕ್ಷ ದಾಟಬಾರದು, ತಿಂಗಳ ಪೆಟ್ರೋಲು ಸಂಬಳದಲ್ಲಿ ಕಾಣಿಸಬಾರದು, ದಾರಿಯಲ್ಲಿ ಕೈಕೊಡಬಾರದು, ಈ ಮೂರೇ ನನ್ನ ಷರತ್ತು. ಒಂದು ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಗಾಡಿಯನ್ನು ತಂದೆ. ಉಳಿದ ವಿವರಗಳನ್ನು ನೀವು ಬೇರೆಡೆ ನೋಡಿಯೇ ಇರುತ್ತೀರಿ.

ಈಗ ಏಳನೆಯ ವರ್ಷ, 71,000 ಕಿಲೋಮೀಟರ್ ಆಗಿದೆ. ಮೊದಲ ದಿನದಿಂದಲೂ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸಲ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ತುಂಬಿಸಿದಾಗ ಓಡಿದ ದೂರವನ್ನು ಲೀಟರಿನಿಂದ ಭಾಗಿಸಿ ಬರೆಯುತ್ತೇನೆ. ಪರದೆಯ ಮೇಲೆ ತೋರಿಸುವ ಸಂಖ್ಯೆಗಿಂತ ನನ್ನ ಭಾಗಾಕಾರದ ಮೇಲೆ ನನಗೆ ಹೆಚ್ಚು ನಂಬಿಕೆ. ಒಂಬತ್ತನೆಯ ತರಗತಿಗೆ ಸರಾಸರಿ ಕಲಿಸುವಾಗ ಇದೇ ಪುಟಗಳನ್ನು ಕಪ್ಪುಹಲಗೆಗೆ ಇಳಿಸಿದ್ದೇನೆ. ಪಠ್ಯದ ಲೆಕ್ಕಕ್ಕೆ ಏಳದ ಕೈಗಳೂ ಆಗ ಏಳುತ್ತವೆ. ಒಟ್ಟು ಸರಾಸರಿ ಲೀಟರಿಗೆ 20.9 ಕಿಲೋಮೀಟರ್. ಅಂದರೆ ಇಷ್ಟು ವರ್ಷಕ್ಕೆ ಕುಡಿದದ್ದು ಸುಮಾರು 3,400 ಲೀಟರ್.

ಈ ಪುಸ್ತಕ ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟಿತು. ಇತ್ತೀಚೆಗೆ ಆ್ಯವರೇಜ್ ಇಳಿಯಿತೆಂದು ಎಲ್ಲರೂ ಹೇಳುತ್ತಾರೆ, ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಈಗ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಮಿಶ್ರಣ ಶೇಕಡ 10ರಿಂದ 20ಕ್ಕೆ ಏರಿದಾಗ ಒಂದು ಲೀಟರಿನ ಶಕ್ತಿ ಶೇಕಡ ಮೂರೂವರೆಯಷ್ಟು ತಗ್ಗಬೇಕು. ನನ್ನ ಪುಟಗಳಲ್ಲಿ 21.3 ಇದ್ದದ್ದು 20.5ಕ್ಕೆ ಬಂದಿದೆ, ಹೆಚ್ಚುಕಡಿಮೆ ಅಷ್ಟೇ. ನಮ್ಮ ಸುತ್ತಲಿನ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಕಬ್ಬಿನಿಂದ ಎಥೆನಾಲ್ ತೆಗೆಯುತ್ತವೆ. ರೈತನಿಗೆ ಕಬ್ಬಿನ ಬಿಲ್ಲು ಬೇಗ ಸಿಗುವುದಾದರೆ ಈ ಮುಕ್ಕಾಲು ಕಿಲೋಮೀಟರ್ ಬಿಡಲು ನಾನು ಸಿದ್ಧ. ಆದರೆ ಇಳಿದದ್ದು ಗಾಡಿಯ ದೋಷದಿಂದಲ್ಲ ಎಂಬುದನ್ನು ಹೇಳಲೇಬೇಕು.

ಬೆಳಗಿನ ಆರೂವರೆಗೆ ಗಾಡಿಯೊಂದಿಗೆ ನನ್ನ ಹತ್ತು ನಿಮಿಷ. ನಮ್ಮ ಓಣಿಗೆ ನಲ್ಲಿಯ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಕೊಡಗಟ್ಟಲೆ ಸುರಿದು ತೊಳೆಯುವ ಮನಸ್ಸೇ ಬರುವುದಿಲ್ಲ. ಹಾಗೆಂದು ಒಣಬಟ್ಟೆಯಿಂದ ತಿಕ್ಕುವಂತೆಯೂ ಇಲ್ಲ, ಎರೆಮಣ್ಣಿನ ದೂಳಿನಲ್ಲಿ ಬೆರೆತ ಸಣ್ಣ ಹರಳು ಬಣ್ಣದ ಮೇಲೆ ಗೀರು ಎಳೆಯುತ್ತದೆ. ಅದಕ್ಕೆ ಮೊದಲು ಮೆತ್ತನೆಯ ಪೊರಕೆಯಿಂದ ದೂಳು ಕೊಡವುತ್ತೇನೆ. ಆಮೇಲೆ ಅರ್ಧ ಬಕೆಟ್ ನೀರು, ಅಪ್ಪನ ಹಳೆಯ ಧೋತರದ ತುಂಡು. ಮೇಲ್ಛಾವಣಿಯಿಂದ ಶುರುಮಾಡಿ ಕೆಳಗೆ ಬರಬೇಕು, ಚಕ್ರಗಳು ಕೊನೆಗೆ. ಅಷ್ಟೂ ವರ್ಷ ಒಗೆದು ಒಗೆದು ಹತ್ತಿಯಂತಾದ ಆ ಬಟ್ಟೆಯಷ್ಟು ನಯವಾಗಿ ಅಂಗಡಿಯ ಯಾವ ಬಟ್ಟೆಯೂ ಒರೆಸುವುದಿಲ್ಲ. ಸೋಮವಾರ ಬೆಳಿಗ್ಗೆ ಹವಾ ನೋಡುತ್ತೇನೆ, ಅದೂ ಗಾಡಿ ಓಡಿಸುವ ಮೊದಲು. ಮೇ ತಿಂಗಳ ಮಧ್ಯಾಹ್ನ ಕಾದ ಟೈರಿನಲ್ಲಿ ಹವಾ ನೋಡಿದರೆ ಹೆಚ್ಚೇ ತೋರಿಸುತ್ತದೆ, ಅದನ್ನು ನಂಬಿ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಏರ್ ಫಿಲ್ಟರ್ ಅನ್ನು ಗಾಡಿಯ ಜೊತೆ ಬಂದ ಕೈಪಿಡಿ ಹೇಳಿದ ಅವಧಿಯವರೆಗೆ ಕಾಯದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ತಟ್ಟುತ್ತೇನೆ. ಪ್ರತಿ ಸಲವೂ ಒಂದು ಹಿಡಿ ದೂಳು.

ಕೈಕೊಡುವ ಮಾತು? ಏಳು ವರ್ಷಗಳಲ್ಲಿ ಒಂದು ಬ್ಯಾಟರಿ, 48,000 ಕಿಲೋಮೀಟರಿಗೆ ಒಂದು ಜೊತೆ ಟೈರು, ಬ್ರೇಕ್ ಪ್ಯಾಡ್, ವೈಪರ್. ಎಂಜಿನ್ನಿನಲ್ಲಿ ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ದೊಡ್ಡ ಖರ್ಚೂ ಇಲ್ಲ. ಇದರ ಬಗ್ಗೆ ಬರೆಯಲು ಇನ್ನೇನೂ ಇಲ್ಲ ಎಂಬುದೇ ನನಗೆ ಸಂತೋಷ.

ಅವ್ವನ ಕಡೆಗೆ ಬರುತ್ತೇನೆ. ತಮ್ಮನ ಬಳಿ ಉದ್ದನೆಯ, ತಗ್ಗಾದ ಗಾಡಿ ಇದೆ. ಅದರಲ್ಲಿ ಕೂರುವುದೆಂದರೆ ಅವ್ವನಿಗೆ ಬಾವಿಗೆ ಇಳಿದಂತೆ, ಏಳಿಸಲು ಇಬ್ಬರು ಬೇಕು. ಬಸ್ಸಿನ ಮೆಟ್ಟಿಲು ಆಕೆಯ ಮೊಣಕಾಲಿಗೆ ಸಿಗುವುದಿಲ್ಲ. ಹೀಗಾಗಿ ಆಸ್ಪತ್ರೆ ಬಿಟ್ಟರೆ ಆಕೆ ಎಲ್ಲಿಗೂ ಹೋಗುವುದನ್ನೇ ನಿಲ್ಲಿಸಿದ್ದಳು. ಮದುವೆಗೆ ಕರೆ ಬಂದರೆ "ನೀವು ಹೋಗಿ ಬನ್ನಿ" ಎನ್ನುತ್ತಿದ್ದಳು. ಅದನ್ನು ನಾವು ವಯಸ್ಸಿನ ಬೇಸರ ಎಂದುಕೊಂಡಿದ್ದೆವು. ಹೊಸ ಗಾಡಿಯ ಪೂಜೆಯಾದ ದಿನ ಸಿದ್ಧೇಶ್ವರ ಗುಡಿಯವರೆಗೆ ಕರೆದುಕೊಂಡು ಹೋದೆ. ಗುಡಿಯ ಮುಂದೆ ನಾನು ಈ ಕಡೆಯಿಂದ ಬರುವಷ್ಟರಲ್ಲಿ ಅವ್ವ ತಾನೇ ಬಾಗಿಲು ತೆರೆದು, ಎರಡೂ ಪಾದ ನೆಲಕ್ಕೆ ಊರಿ ಎದ್ದು ನಿಂತಿದ್ದಳು. ಮನೆಗೆ ಬಂದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ: "ಯವ್ವಾ, ಇದು ಕೊಲ್ಹಾರದವರೆಗೆ ಹೋಗುತ್ತದೆಯೇ?"

ಅವ್ವನ ತವರೂರು ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಜಲಾಶಯ ತನ್ನ ಪೂರ್ಣ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರಿಗೆ, ತುಂಬಿದಾಗ ಕೊಲ್ಹಾರದ ಸೇತುವೆಯ ಮೇಲಿನಿಂದ ಕಾಣುವುದು ಸಮುದ್ರದಂಥ ನೀರೊಂದೇ. ಮೊದಲ ಸಲ ಹೋದಾಗ ಸೆಪ್ಟೆಂಬರ್. ಅವ್ವ ಕಿಟಕಿಯ ಗಾಜು ಇಳಿಸಿ ಒಂದು ದಿಕ್ಕಿಗೆ ಕೈ ತೋರಿಸಿದಳು, ಮಾತಾಡಲಿಲ್ಲ. ಆಮೇಲೆ ಮೇ ತಿಂಗಳಲ್ಲಿ, ನೀರು ಸರಿದ ಮೇಲೆ ಹೋದೆವು. ದಂಡೆಯ ಗಟ್ಟಿನೆಲದವರೆಗೆ ಗಾಡಿ ಇಳಿಯಿತು. ಒಡೆದ ಕೆಸರಿನ ನಡುವೆ ಕಲ್ಲಿನ ಅಡಿಪಾಯಗಳು ಕಾಣುತ್ತಿದ್ದವು. ಅವ್ವ ಸೀಟಿನಲ್ಲೇ ಹೊರಗೆ ತಿರುಗಿ ಕುಳಿತು, ಇದು ಗುಡಿಯ ಕಟ್ಟೆ, ಅದರ ಹಿಂದೆ ಬಾವಿ, ಬಾವಿಯ ಆಚೆಗೆ ನಮ್ಮ ದನದ ಕೊಟ್ಟಿಗೆ ಎಂದು ಒಂದು ಗಂಟೆ ಹೇಳಿದಳು. ಬರುವಾಗ ಕೊಲ್ಹಾರದಲ್ಲಿ ಒಂದು ಗಡಿಗೆ ಗಟ್ಟಿ ಮೊಸರು ಕೊಂಡೆವು. ಅದನ್ನು ತನ್ನ ಎರಡು ಪಾದಗಳ ನಡುವೆ ಇಟ್ಟುಕೊಂಡು ವಿಜಯಪುರದವರೆಗೆ ಕಾಯ್ದಳು. ಈಗ ವರ್ಷಕ್ಕೆ ಎರಡು ಸಲ ಇದು ನಮ್ಮ ಪದ್ಧತಿ. ಕೂಡಲಸಂಗಮಕ್ಕೂ ಬಾದಾಮಿಯ ಬನಶಂಕರಿಗೂ ಹೋಗಿ ಬಂದಿದ್ದೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ನಾಲ್ಕನೆಯ ವರ್ಷ ತರಬೇತಿಗೆಂದು ಧಾರವಾಡಕ್ಕೆ ಹೋಗಿ ಒಂಬತ್ತು ದಿನ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆ. ಮರಳಿ ಬಂದು ಚಾಲೂ ಮಾಡಿದರೆ ಎಂಜಿನ್ ದೀಪ ಆರಲೇ ಇಲ್ಲ, ಗಾಡಿ ನಡುಗತೊಡಗಿತು. ಬಾನೆಟ್ ಎತ್ತಿದೆ. ಇಲಿ ಗೂಡು ಕಟ್ಟಿತ್ತು, ಐದಾರು ತಂತಿಗಳು ತುಂಡಾಗಿದ್ದವು. ನಗರದ ದೊಡ್ಡ ಗ್ಯಾರೇಜೊಂದಕ್ಕೆ ಎಳೆಸಿಕೊಂಡು ಹೋದೆ. ಅಲ್ಲಿಯವರು ಬಾಗಿ ನೋಡುವ ಮೊದಲೇ ಇಡೀ ವೈರಿಂಗ್ ಬದಲಿಸಬೇಕು ಎಂದು 34,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ತುಂಡಾದ ತಂತಿ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ನಾನು ಹೆಂಗಸು, ಒಬ್ಬಳೇ ಬಂದಿದ್ದೇನೆ, ಒಪ್ಪಿಕೊಳ್ಳುತ್ತೇನೆ ಎಂದು ಎಣಿಸಿದ್ದರು. ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ. ಗಾಡಿಯನ್ನು ಅಲ್ಲಿಂದ ಹೊರಗೆ ಎಳೆಸಿದೆ. ಒಂದು ಸಣ್ಣ ಅಂಗಡಿಯ ಎಲೆಕ್ಟ್ರಿಷಿಯನ್ ಮೂರು ತಾಸು ಕುಳಿತು ಒಂದೊಂದೇ ತಂತಿಯನ್ನು ಬೆಸೆದು, ಮೇಲೆ ಕವಚ ತೊಡಿಸಿ, 1,800 ರೂಪಾಯಿ ತೆಗೆದುಕೊಂಡ. ಕೊನೆಗೆ ಹಿಂದಿನ ಡಿಕ್ಕಿ ತೆರೆಸಿ ತೋರಿಸಿದ: "ಅಕ್ಕೋರೇ, ಇಲಿಯನ್ನು ಕರೆದವರು ನೀವೇ." ಹೊಲದಿಂದ ತಂದ ಜೋಳದ ಚೀಲ ಸೋರಿ, ಕಾರ್ಪೆಟ್ಟಿನ ಕೆಳಗೆ ಹಿಡಿಗಟ್ಟಲೆ ಕಾಳು ಬಿದ್ದಿತ್ತು.

ಇನ್ನೊಂದನ್ನೂ ಮುಚ್ಚಿಡಬಾರದು. 2023ರಲ್ಲಿ ಗ್ಲೋಬಲ್ ಎನ್‌ಸಿಎಪಿಯ ಅಪಘಾತ ಪರೀಕ್ಷೆಯಲ್ಲಿ ಈ ಗಾಡಿಗೆ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಐದರಲ್ಲಿ ಒಂದೇ ನಕ್ಷತ್ರ. ಅದನ್ನು ಓದಿದ ಮೇಲೆ ನಾನು ಓಡಿಸುವ ರೀತಿ ಬದಲಾಯಿತು. ಹೆದ್ದಾರಿಯಲ್ಲಿ 70 ದಾಟುವುದಿಲ್ಲ, ಹಿಂದೆ ಕುಳಿತವರೂ ಬೆಲ್ಟ್ ಹಾಕದೆ ಗಾಡಿ ಕದಲುವುದಿಲ್ಲ. ಆಷಾಢದ ಅಡ್ಡಗಾಳಿ ಬಯಲಿನಲ್ಲಿ ಎತ್ತರದ ಹಗುರ ಗಾಡಿಯನ್ನು ತಳ್ಳುತ್ತದೆ, ಆಗ 60 ಸಾಕು. ದಿನವೂ ರಾತ್ರಿ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ನನ್ನ ನಲವತ್ತು ಕಿಲೋಮೀಟರಿಗೆ, ನನ್ನ ಸಂಬಳಕ್ಕೆ, ಅವ್ವನಿಗೆ ಇದೇ ಸರಿ. ಮನೆಯಲ್ಲಿ ಹಿರಿಯರಿದ್ದರೆ ಶೋರೂಮಿಗೆ ಅವರನ್ನೇ ಕರೆದೊಯ್ದು, ಮೂರು ಸಲ ಕೂರಿಸಿ, ಮೂರು ಸಲ ಎಬ್ಬಿಸಿ ನೋಡಿ.

ಈ ಸಲದ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ಬುತ್ತಿಗಳನ್ನೆಲ್ಲ ಡಿಕ್ಕಿಗೆ ತುಂಬಿ ಹೊಲಕ್ಕೆ ಹೋದೆವು. ಮಳೆ ಬಿದ್ದಿದ್ದರೆ ಆ ದಾರಿಯಲ್ಲಿ ಎರೆಮಣ್ಣು ಚಕ್ರಕ್ಕೆ ರೊಟ್ಟಿಹಿಟ್ಟಿನಂತೆ ಸುತ್ತಿಕೊಳ್ಳುತ್ತದೆ, ಡಿಸೆಂಬರಿನಲ್ಲಿ ಆ ಹೆದರಿಕೆಯಿಲ್ಲ. ಬಿಳಿಜೋಳ ಗಾಡಿಗಿಂತ ಎತ್ತರ ನಿಂತಿತ್ತು. ಬದುವಿನ ಪಕ್ಕಕ್ಕೆ ನಿಲ್ಲಿಸಿ ಬಾಗಿಲು ತೆರೆದೆ. ಅವ್ವ ಹೊರಗೆ ತಿರುಗಿ, ಪಾದಗಳನ್ನು ಮಣ್ಣಿಗೆ ಊರಿ, ಕುಳಿತಲ್ಲಿಂದಲೇ ಭೂತಾಯಿಗೆ ಅರ್ಪಿಸುವ ಎಡೆಯಾದ ಚರಗದ ಮೊದಲ ಹಿಡಿ ಚೆಲ್ಲಿದಳು. ಅರ್ಧ ಹೊಲಕ್ಕೆ, ಅರ್ಧ ಗಾಡಿಯೊಳಗೆ ಬಿತ್ತು. ಸಂಜೆ ಮನೆಗೆ ಬಂದು ಕಾರ್ಪೆಟ್ ಎತ್ತಿ, ಒಂದು ಅಗುಳೂ ಉಳಿಯದಂತೆ ಬ್ರಷ್ ಹಾಕಿ ಗುಡಿಸಿ, ಇಲಿ ಬರದಿರಲೆಂದು ಬಾನೆಟ್ಟಿನ ಕೆಳಗೆ ಹೊಗೆಸೊಪ್ಪಿನ ಹೊಸ ಗಂಟು ಕಟ್ಟಿದೆ.