ಪಿಡಿ-ಎಲ್1 ಆ್ಯಂಟಿಬಾಡಿ ತಂದಿದ್ದೀರಾ? ಮೊದಲು ಟಾನ್ಸಿಲ್ ಮೇಲೆ ಹಾಕಿ ನೋಡಿ

ಶಿವಮೊಗ್ಗದ ಒಂದು ಲ್ಯಾಬ್‌ನಲ್ಲಿ ಬಾಯಿ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಎಲೆ-ಅಡಿಕೆ ಜಗಿಯುವ ನಮ್ಮ ಮಲೆನಾಡಿನಲ್ಲಿ ಈ ಕಾಯಿಲೆ ಯಾರಿಗೂ ಹೊಸದಲ್ಲ. ಗಡ್ಡೆಯ ಕೋಶಗಳು ಮೈಮೇಲೆ ಪಿಡಿ-ಎಲ್1 ಪ್ರೋಟೀನ್ ಇಟ್ಟುಕೊಂಡು, ಕೊಲ್ಲಲು ಬಂದ ಟಿ ಕೋಶವನ್ನು ತಡೆಯುತ್ತವೆ. ಅದು ಎಷ್ಟಿದೆ ಎಂದು ಬಯಾಪ್ಸಿ ಸ್ಲೈಡ್‌ಗಳಲ್ಲಿ ನೋಡಬೇಕಿತ್ತು. ಅದಕ್ಕೆ ಬೇಕಾದ ಆ್ಯಂಟಿಬಾಡಿ (ಆ ಪ್ರೋಟೀನ್‌ಗೆ ಅಂಟಿಕೊಂಡು, ಅದಿರುವ ಜಾಗವನ್ನು ಕಂದು ಬಣ್ಣದಲ್ಲಿ ತೋರಿಸಲು ನೆರವಾಗುವ ಅಣು) ಕೊಳ್ಳುವಾಗಲೇ ನಾವು ಎಡವಿದ್ದು.

ಹೆಸರಾದ ಕ್ಲೋನ್‌ಗಳು, ಅಂದರೆ ಒಂದೇ ಕೋಶದ ವಂಶದಿಂದ ಬಂದ ಒಂದೇ ಬಗೆಯ ಆ್ಯಂಟಿಬಾಡಿಗಳು, ದುಬಾರಿ. ಒಬ್ಬ ಡೀಲರ್ ಅರ್ಧ ಬೆಲೆಗೆ ಮೊಲದ ಪಾಲಿಕ್ಲೋನಲ್ (ಹಲವು ಆ್ಯಂಟಿಬಾಡಿಗಳ ಮಿಶ್ರಣ) ಕೊಡುತ್ತೇನೆ ಎಂದರು. ಡೇಟಾಶೀಟ್ ಮೇಲೆ 'ಪಿಡಿ-ಎಲ್1' ಎಂದಿತ್ತು, ಅಷ್ಟೇ ನೋಡಿದೆವು. ಒಳಗಿದ್ದದ್ದು ವೆಸ್ಟರ್ನ್ ಬ್ಲಾಟ್‌ನ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ಪರೀಕ್ಷೆ) ಒಂದೇ ಚಿತ್ರ. ನಮ್ಮ ಬಯಾಪ್ಸಿಗಳಂತೆ ಪ್ಯಾರಾಫಿನ್ ಮೇಣದಲ್ಲಿಟ್ಟ ಅಂಗಾಂಶದ ಚಿತ್ರ ಒಂದೂ ಇರಲಿಲ್ಲ. ಅಲ್ಲೇ ನಿಲ್ಲಬೇಕಿತ್ತು.

ಮೊದಲ ದಿನ ಸ್ಲೈಡ್‌ಗಳೆಲ್ಲ ಚೆನ್ನಾಗಿ ಕಂದು ಬಣ್ಣಕ್ಕೆ ಬಂದವು. ನಮಗೆ ಖುಷಿಯೋ ಖುಷಿ. ಎರಡು ವಾರ ಎಣಿಸಿದ ಮೇಲೆ ಅನುಮಾನ ಶುರುವಾಯಿತು. ಪಿಡಿ-ಎಲ್1 ಕೋಶದ ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಾಣಬೇಕು. ನಮ್ಮಲ್ಲಿ ನ್ಯೂಕ್ಲಿಯಸ್ ಕೂಡ ಕಂದು, ಪಕ್ಕದ ಸ್ನಾಯುವೂ ಕಂದು. ಜುಲೈ ಮಳೆಯಲ್ಲಿ ಪಾರ್ಸೆಲ್ ತಡವಾಗಿ ಬಂದಿತ್ತು, ಐಸ್ ಪ್ಯಾಕ್ ಕರಗಿತ್ತು. ಅದೇ ಕಾರಣ ಅಂದುಕೊಂಡೆವು. ಆಮೇಲೆ ಆ್ಯಂಟಿಬಾಡಿಯನ್ನು 1:100, 1:500, 1:1000 ಎಂದು ತೆಳುವಾಗಿಸುತ್ತಾ ಹೋದೆವು, ಬಣ್ಣಕ್ಕೆ ಮೊದಲು ಸ್ಲೈಡ್ ಬಿಸಿ ಮಾಡುವ ಬಫರ್ ದ್ರಾವಣದ ಪಿಎಚ್ 6 ಇದ್ದದ್ದನ್ನು 9 ಮಾಡಿದೆವು. ಪ್ರತಿ ಸಲವೂ ರೋಗಿಗಳ ಸ್ಲೈಡ್‌ಗಳನ್ನೇ ಬಳಸಿದೆವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಹಿರಿಯರೊಬ್ಬರು, "ಟಾನ್ಸಿಲ್ ಹಾಕಿದ್ರೇನಮ್ಮಾ?" ಎಂದು ಕೇಳಿದರು. ಹಾಕಿರಲಿಲ್ಲ. ಟಾನ್ಸಿಲ್‌ನ ಕ್ರಿಪ್ಟ್ ಎಪಿಥೀಲಿಯಂ (ಅದರ ಆಳವಾದ ಬಿರುಕುಗಳ ಒಳಪದರ) ಗಾಢವಾಗಿ ಬಣ್ಣ ಹಿಡಿಯಬೇಕು, ಫಾಲಿಕಲ್ (ರೋಗನಿರೋಧಕ ಕೋಶಗಳ ಗುಂಪು) ಸುತ್ತಲಿನ ಮ್ಯಾಂಟಲ್ ಎಂಬ ಹೊರಸುತ್ತಿನ ಲಿಂಫೋಸೈಟ್‌ಗಳು ಬಣ್ಣವಿಲ್ಲದೆ ಖಾಲಿ ಇರಬೇಕು. ಒಂದೇ ತುಂಡಿನಲ್ಲಿ ಪಾಸಿಟಿವ್, ನೆಗೆಟಿವ್ ಎರಡೂ ಸಿಗುತ್ತವೆ. ನಮ್ಮದರಲ್ಲಿ ಎಲ್ಲವೂ ಕಂದು. ಪ್ರೈಮರಿ (ಪಿಡಿ-ಎಲ್1ಗೆ ಅಂಟಬೇಕಾದ ಆ ಆ್ಯಂಟಿಬಾಡಿ) ಹಾಕದ ಸ್ಲೈಡ್ ಮಾತ್ರ ಸ್ವಚ್ಛವಾಗಿತ್ತು. ಅಂದರೆ ಸೆಕೆಂಡರಿಯದು (ಪ್ರೈಮರಿಗೆ ಅಂಟಿ ಬಣ್ಣ ತರಿಸುವ ಎರಡನೇ ಆ್ಯಂಟಿಬಾಡಿ) ತಪ್ಪಿಲ್ಲ, ಆ ಪ್ರೈಮರಿ ಕಂಡಕಂಡದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು.

ದೂರು ಕೊಟ್ಟ ಮೇಲೆ ಬೇರೆ ಲಾಟ್ ಕಳುಹಿಸಿದರು. ಅದು ಕ್ರಿಪ್ಟ್‌ಗೂ ಬಣ್ಣ ಕೊಡಲಿಲ್ಲ! ಪಾಲಿಕ್ಲೋನಲ್ ಪ್ರಾಣಿಯ ರಕ್ತದಿಂದ ತೆಗೆಯುವುದು. ಪ್ರಾಣಿ ಬದಲಾದರೆ ಆ್ಯಂಟಿಬಾಡಿಗಳ ಮಿಶ್ರಣವೂ ಬದಲಾಗುತ್ತದೆ. ದುಡ್ಡು ವಾಪಸ್ ಬರಲಿಲ್ಲ.

ಆದ್ದರಿಂದ ದಯವಿಟ್ಟು ಪ್ರೋಟೀನ್ ಹೆಸರು ನೋಡಿ ಕೊಳ್ಳಬೇಡಿ, ಕ್ಲೋನ್ ಹೆಸರು ಕೇಳಿ. 22ಸಿ3, 28-8, ಎಸ್‌ಪಿ263, ಎಸ್‌ಪಿ142 ಹೀಗೆ. ಇವುಗಳೂ ಒಂದೇ ಅಲ್ಲ. ಎಸ್‌ಪಿ142 ಗಡ್ಡೆ ಕೋಶಗಳಲ್ಲಿ ಉಳಿದವಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಒಂದರಲ್ಲಿ ಬಂದ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಸುಮ್ನೆ ಇಡಬೇಡಿ. ಇಲಿಯ ಅಂಗಾಂಶ ಆದರೆ ಇಲಿಗೆ ಹೊಂದುವ ಕ್ಲೋನೇ ಬೇಕು. ಬ್ಲಾಟ್ ಚಿತ್ರವನ್ನೂ ಗಮನಿಸಿ. 290 ಅಮೈನೋ ಆಮ್ಲಗಳ ಲೆಕ್ಕದಲ್ಲಿ ಪಿಡಿ-ಎಲ್1 ಸುಮಾರು 33 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ), ಆದರೆ ಸಕ್ಕರೆ ಸರಪಳಿಗಳು ಸೇರುವುದರಿಂದ ಬ್ಲಾಟ್‌ನಲ್ಲಿ ಕಾಣುವ ಗೆರೆ, ಅಂದರೆ ಬ್ಯಾಂಡ್, ಸಾಮಾನ್ಯವಾಗಿ 45-50ರ ಹತ್ತಿರ ಬರುತ್ತದೆ. ನಮ್ಮ ಡೇಟಾಶೀಟ್‌ನಲ್ಲಿ ಅದು 70ರ ಮೇಲಿತ್ತು. ನಾವು ಪ್ರಶ್ನೆಯನ್ನೇ ಕೇಳಲಿಲ್ಲ. ಸ್ಯಾಂಪಲ್ ಕೊಡುತ್ತಾರಾ ಎಂದು ಕೇಳಿ, ಮೊದಲು ಟಾನ್ಸಿಲ್ ಮೇಲೆ ಹಾಕಿ ನೋಡಿ, ಆಮೇಲೆ ಆರ್ಡರ್ ಮಾಡಿ. ಬ್ಲಾಕ್‌ಗಳನ್ನು (ಬಯಾಪ್ಸಿ ತುಂಡನ್ನು ಹುದುಗಿಸಿಟ್ಟ ಮೇಣದ ಅಚ್ಚುಗಳು) ಮೊದಲೇ ಕತ್ತರಿಸಿಯೂ ಇಡಬೇಡಿ. ಕತ್ತರಿಸಿದ ಸ್ಲೈಡ್ ತಿಂಗಳುಗಟ್ಟಲೆ ಇಟ್ಟರೆ ಪಿಡಿ-ಎಲ್1 ಬಣ್ಣ ಮಂಕಾಗುತ್ತದೆ.

ನಮ್ಮದು ಸಂಶೋಧನೆ ಮಾತ್ರ, ಯಾರ ಚಿಕಿತ್ಸೆಯೂ ಇದರ ಮೇಲೆ ನಿಂತಿರಲಿಲ್ಲ. ಆದರೆ ಆ ತುಂಡುಗಳು ಸಾಗರ, ತೀರ್ಥಹಳ್ಳಿ ಕಡೆಯಿಂದ ಬಸ್ ಹತ್ತಿ ಬಂದ ಜನ ನಂಬಿ ಕೊಟ್ಟವು. ಬಯಾಪ್ಸಿ ಅಂದರೆ ಅಕ್ಕಿಕಾಳಿನಷ್ಟು. ಈಗ ಒಂಬತ್ತು ಬ್ಲಾಕ್‌ಗಳಲ್ಲಿ ಬರೀ ಮೇಣ ಉಳಿದಿದೆ.