ವಾಕ್ ಚಿಕಿತ್ಸೆಯೋ, ಸಂಗೀತ ಚಿಕಿತ್ಸೆಯೋ?

ಹಾಡಲು ಬರುತ್ತದೆ, ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುವ ಆಸೆಯೂ ಇದೆ ಎನ್ನುವವರ ಮುಂದೆ ಎರಡು ದಾರಿಗಳಿವೆ.

ಒಂದು, ವಾಕ್ ಚಿಕಿತ್ಸೆ. ಅದಕ್ಕೆ ಬಿಎಎಸ್‌ಎಲ್‌ಪಿ, ಅಂದರೆ ವಾಕ್ ಮತ್ತು ಶ್ರವಣ ವಿಷಯದ ಪದವಿ, ಓದಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಇಂಟರ್ನ್‌ಶಿಪ್ ಸೇರಿ 4 ವರ್ಷ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಪ್ರವೇಶ ಪರೀಕ್ಷೆಯುಂಟು. ಓದು ಮುಗಿದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ. ಕೆಲಸ ಹುಡುಕುವಾಗ ಅದೇ ದೊಡ್ಡ ಬಲ.

ಎರಡನೆಯದು, ಸಂಗೀತ ಚಿಕಿತ್ಸೆ. ಸಂಗೀತ ಚಿಕಿತ್ಸಕರಿಗೆ ಆ ಪರಿಷತ್ತಿನಲ್ಲಿ ಪ್ರತ್ಯೇಕ ವರ್ಗವೇ ಇಲ್ಲ. ಬ್ರಿಟನ್ನಿನಲ್ಲಾದರೆ ನೋಂದಣಿಯಿಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ 1,200 ಗಂಟೆಗಳ ಪ್ರಾಯೋಗಿಕ ತರಬೇತಿ, ಮೇಲೊಂದು ಪರೀಕ್ಷೆ. ನಮ್ಮಲ್ಲಿ ಯಾರು ಬೇಕಾದರೂ ಬೋರ್ಡು ಹಾಕಬಹುದು. ಹಾಗಾಗಿ ಕೋರ್ಸ್ ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ಮಕ್ಕಳ ಜೊತೆ, ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಕೆಲಸ ಕೊಡುತ್ತೀರಿ? ‘ಈ ಕಾಯಿಲೆಗೆ ಈ ರಾಗ’ ಎಂಬ ಪಟ್ಟಿ ತೋರಿಸಿದರೆ ಎದ್ದು ಬನ್ನಿ.

ನಿಜವಾದ ಕೆಲಸವೇ ಬೇರೆ. ಮಗು ತಟ್ಟಿದ ಲಯಕ್ಕೆ ನೀವು ಲಯದಲ್ಲೇ ಉತ್ತರಿಸಬೇಕು, ಸಾಲಿನ ಕೊನೆಯ ಪದ ಬಿಟ್ಟು ಮಗು ತುಂಬಲೆಂದು ಕಾಯಬೇಕು, ಆದದ್ದನ್ನೆಲ್ಲ ದಾಖಲಿಸಬೇಕು. (ಸಂಗೀತದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದವರಿಗೆ ಅಪಶ್ರುತಿಯನ್ನು ತಿದ್ದದೆ ಕೂರುವುದೇ ಕಷ್ಟ!)

ತಿಂಗಳ ಸಂಬಳ ಮುಖ್ಯವಾದರೆ ನನ್ನ ಮತ ಮೊದಲನೆಯದಕ್ಕೆ. ಮನಶ್ಶಾಸ್ತ್ರವನ್ನೋ ವಿಶೇಷ ಶಿಕ್ಷಣವನ್ನೋ ಈಗಾಗಲೇ ಓದಿದವರು ಎರಡನೆಯದನ್ನು ಧೈರ್ಯವಾಗಿ ಸೇರಿಸಿಕೊಳ್ಳಬಹುದು.